ಆರ್ಟೆಮಿಸಿಯಾ: ಕಥೆ ಓದಿ, ಇಸವಿಯನ್ನೂ ನೋಡಿ

ಕೇಳುಗರಿಗೆಲ್ಲ ನಮಸ್ಕಾರ.

ಕಲೆಯ ಇತಿಹಾಸ ಓದಿಲ್ಲ, ಆದರೆ ಕಾದಂಬರಿ ಓದುತ್ತೀರಿ, ಸಿನಿಮಾ ನೋಡುತ್ತೀರಿ. ಹಾಗೆ ನೋಡುತ್ತಲೇ ಹಳೆಯ ಕಾಲದ ಒಬ್ಬ ಕಲಾವಿದೆಯ ಹೆಸರು ಮನಸ್ಸಿನಲ್ಲಿ ಕೂತುಬಿಟ್ಟಿದೆ. ಇವತ್ತಿನ ಮಾತು ಅಂಥವರಿಗೆ. ಇಟಲಿಯ ಆರ್ಟೆಮಿಸಿಯಾ ಜೆಂಟಿಲೆಸ್ಕಿ ಬಹಳ ಜನರಿಗೆ ಸಿಕ್ಕಿದ್ದು ಹೀಗೆಯೇ. ಅದು ಒಳ್ಳೆಯ ದಾರಿ. ಒಂದೇ ಒಂದು ಕೆಲಸ ಮಾಡಿ: ಪಕ್ಕದಲ್ಲಿ ಒಂದು ನೋಟ್‌ಬುಕ್ ಇಟ್ಟುಕೊಂಡು ಇಸವಿ ಬರೆಯುತ್ತಾ ಹೋಗಿ.

ಮೊದಲ ಪುಟಕ್ಕೆ ನಾಲ್ಕು ಇಸವಿ ಸಾಕು. 1593, ರೋಮ್‌ನಲ್ಲಿ ಜನನ. ತಂದೆ ಒರಾಜಿಯೋ ಚಿತ್ರಕಾರ, ಮಗಳು ಕುಂಚ ಹಿಡಿದದ್ದು ಅವನ ಕೆಲಸದ ಮನೆಯಲ್ಲೇ. 1610, ಬೈಬಲ್ ಕಥೆಯೊಂದರ ‘ಸುಸಾನಾ ಮತ್ತು ಮುದುಕರು’ ಚಿತ್ರ. 1611, ತಂದೆಯ ಜೊತೆ ಕೆಲಸ ಮಾಡುತ್ತಿದ್ದ ಆಗೊಸ್ಟಿನೋ ತಾಸ್ಸಿ ಎಂಬ ಚಿತ್ರಕಾರ ಆಕೆಯ ಮೇಲೆ ಅತ್ಯಾಚಾರ ಎಸಗಿದ. 1612, ವಿಚಾರಣೆ.

ಈಗ ಎರಡನೆಯ ಮತ್ತು ಮೂರನೆಯ ಇಸವಿಯನ್ನು ಅಕ್ಕಪಕ್ಕ ಇಟ್ಟು ನೋಡಿ. ‘ಆಕೆ ಅನುಭವಿಸಿದ ನೋವೇ ಆಕೆಯನ್ನು ಕಲಾವಿದೆ ಮಾಡಿತು’ ಎಂಬ ಮಾತು ಎಲ್ಲ ಕಡೆ ಕೇಳಿಬರುತ್ತದೆ. ಆದರೆ ಸುಸಾನಾ ಚಿತ್ರದ ಮೇಲೆ ಆಕೆಯ ಸಹಿ ಇದೆ, 1610 ಎಂದು ಬರೆದಿದೆ. ಗೋಡೆಯ ಮೇಲಿಂದ ಇಬ್ಬರು ಗಂಡಸರು ಬಾಗಿ ಪಿಸುಗುಡುತ್ತಿದ್ದಾರೆ. ಕೆಳಗೆ ಸ್ನಾನಕ್ಕೆ ಕೂತ ಹುಡುಗಿ ಮೈ ತಿರುಚಿಕೊಂಡು, ಎರಡೂ ಕೈ ಮೇಲೆತ್ತಿ ಅವರನ್ನು ತಡೆಯುತ್ತಿದ್ದಾಳೆ. ಇದನ್ನು ಬರೆದಾಗ ಆರ್ಟೆಮಿಸಿಯಾಗೆ ಹದಿನೇಳರ ಆಸುಪಾಸು. ಕೈಚಳಕ ಮೊದಲೇ ಇತ್ತು. ತಾಸ್ಸಿ ಬಂದದ್ದು ಆಮೇಲೆ.

ಇನ್ನು ಆಕೆಯ ಮೇಲಿನ ಸಿನಿಮಾ. 1997ರಲ್ಲಿ ಫ್ರಾನ್ಸಿನ ಆನ್ಯೆಸ್ ಮೆರ್ಲೆ ನಿರ್ದೇಶಿಸಿದ್ದು. ನೋಡಲು ಸೊಗಸಾಗಿದೆ. ಆದರೆ ಅದರಲ್ಲಿ ತಾಸ್ಸಿ ಪ್ರೇಮಿ! ನ್ಯಾಯಾಲಯದಲ್ಲಿ ಆಕೆಗೆ ಹಿಂಸೆ ಕೊಡುವಾಗ ಆಕೆ ಅತ್ಯಾಚಾರ ಆಗಿಲ್ಲ ಎನ್ನುತ್ತಾಳೆ. ನೋಡಲಾರದೆ ಅವನೇ ತಪ್ಪೊಪ್ಪಿಕೊಳ್ಳುತ್ತಾನೆ.

ದಾಖಲೆಯಲ್ಲಿ ಇರುವುದು ಇದರ ತದ್ವಿರುದ್ಧ. ಏಳು ತಿಂಗಳು ನಡೆದ ವಿಚಾರಣೆಯ ಕಡತ ರೋಮ್‌ನ ಸರ್ಕಾರಿ ಪತ್ರಾಗಾರದಲ್ಲಿ ಇಂದಿಗೂ ಇದೆ. ಸೂಲಗಿತ್ತಿಯರಿಂದ ಆಕೆಯ ದೇಹಪರೀಕ್ಷೆ ಮಾಡಿಸಿದರು. ಸಾಲದ್ದಕ್ಕೆ, 1612ರ ಮೇ ತಿಂಗಳಲ್ಲಿ ತಾಸ್ಸಿಯನ್ನು ಎದುರಿಗೆ ನಿಲ್ಲಿಸಿ ಆಕೆಯ ಬೆರಳುಗಳಿಗೆ ಹುರಿ ಸುತ್ತಿ ಬಿಗಿದರು. ಆಗಿನ ನಂಬಿಕೆ ಹಾಗಿತ್ತು: ನೋವಿನಲ್ಲೂ ಮಾತು ಬದಲಾಗದಿದ್ದರೆ ಅದು ಸತ್ಯ. ಬೆರಳು, ಕೇಳುಗರೇ, ಕುಂಚ ಹಿಡಿಯುವ ಬೆರಳು. ಹುರಿ ಬಿಗಿಯುತ್ತಿದ್ದಂತೆ ಆಕೆ ಹೇಳಿದ್ದನ್ನು ಗುಮಾಸ್ತ ಬರೆದುಕೊಂಡಿದ್ದಾನೆ: ‘ನಿಜ, ನಿಜ, ನಿಜ.’ ಮದುವೆಯಾಗುತ್ತೇನೆಂದು ನಂಬಿಸಿದ್ದ ತಾಸ್ಸಿಯತ್ತ ತಿರುಗಿ ಅಂದದ್ದು ಇನ್ನೊಂದು ಮಾತು: ‘ನೀನು ನನಗೆ ಕೊಡುವ ಉಂಗುರ ಇದು, ನಿನ್ನ ಭಾಷೆ ಇದು.’ ಅವನು ಕೊನೆಯವರೆಗೂ ಒಪ್ಪಿಕೊಳ್ಳಲಿಲ್ಲ. ಅಪರಾಧಿ ಎಂದು ತೀರ್ಪಾಯಿತು, ರೋಮ್ ಬಿಟ್ಟು ಹೋಗಬೇಕೆಂಬ ಶಿಕ್ಷೆಯೂ ಆಯಿತು. ಅದು ಜಾರಿಗೆ ಬಂದದ್ದು ಹೆಸರಿಗೆ ಮಾತ್ರ.

ಆ ಸಾಕ್ಷ್ಯದ ಇಂಗ್ಲಿಷ್ ಅನುವಾದ ಕಲಾ ಇತಿಹಾಸಕಾರ್ತಿ ಮೇರಿ ಗ್ಯಾರಾರ್ಡ್ ಆರ್ಟೆಮಿಸಿಯಾ ಬಗ್ಗೆ ಬರೆದು 1989ರಲ್ಲಿ ಬಂದ ಗ್ರಂಥದ ಕೊನೆಯಲ್ಲಿದೆ. ಬೇರೇನೂ ಓದಲು ಆಗದಿದ್ದರೂ ಆ ಪುಟಗಳನ್ನು ಓದಿ. ಸಿನಿಮಾ ನೋಡಿ ಮುಗಿಸಿದ ದಿನವೇ ಓದಿದರೆ ಇನ್ನೂ ಒಳ್ಳೆಯದು. ತಡಮಾಡಿದರೆ ಸಿನಿಮಾದ ತಾಸ್ಸಿಯೇ ತಲೆಯಲ್ಲಿ ಉಳಿದುಬಿಡುತ್ತಾನೆ.

ಕಾದಂಬರಿಗಳಲ್ಲಿ ಇಟಲಿಯ ಲೇಖಕಿ ಅನ್ನಾ ಬಾಂಟಿಯದನ್ನು ಆರಿಸಿಕೊಳ್ಳಿ, 1947ರದು. ಹಸ್ತಪ್ರತಿ ಬಹುತೇಕ ಸಿದ್ಧವಾಗಿತ್ತು. 1944ರಲ್ಲಿ ಫ್ಲಾರೆನ್ಸ್‌ನಲ್ಲಿ ಯುದ್ಧಕ್ಕೆ ಸಿಕ್ಕಿ ನಾಶವಾಯಿತು. ಬಾಂಟಿ ಅದನ್ನು ನೆನಪಿನಿಂದ ಮತ್ತೆ ಬರೆದರು, ಕಳೆದುಹೋದ ಪುಸ್ತಕದ ದುಃಖವನ್ನೂ ಅದರೊಳಗೆ ಸೇರಿಸಿಯೇ ಬರೆದರು. ಕಲ್ಪನೆ ಎಲ್ಲಿ ಶುರುವಾಗುತ್ತದೆಂದು ಆ ಪುಸ್ತಕ ತಾನೇ ತೋರಿಸುತ್ತದೆ, ಆದ್ದರಿಂದ ದಾರಿ ತಪ್ಪಿಸುವುದಿಲ್ಲ.

ಸಮಯ ಓಡುತ್ತಿದೆ, ಜೂಡಿತ್ ಬಗ್ಗೆ ಚುಟುಕಾಗಿ ಹೇಳಿಬಿಡುತ್ತೇನೆ. ಬೈಬಲ್ ಕಥೆಯ ಜೂಡಿತ್ ಎಂಬಾಕೆ ಶತ್ರು ಸೇನಾಪತಿ ಹೋಲೋಫರ್ನಿಸ್‌ನ ತಲೆ ಕಡಿಯುವ ಚಿತ್ರವನ್ನು ಆಕೆ ಎರಡು ಸಲ ಬರೆದಳು. ಒಂದು ನೇಪಲ್ಸ್‌ನಲ್ಲಿದೆ, ಇನ್ನೊಂದು ಫ್ಲಾರೆನ್ಸ್‌ನ ಉಫಿಝಿ ಸಂಗ್ರಹಾಲಯದಲ್ಲಿ. ಮೊಬೈಲಿನಲ್ಲಿ ಅದೇ ಕಾಲದ ಚಿತ್ರಕಾರ ಕಾರವಾಜೋ ಬರೆದ ಜೂಡಿತ್‌ಳನ್ನೂ ತೆಗೆದು ಪಕ್ಕದಲ್ಲಿಟ್ಟುಕೊಳ್ಳಿ. ಮುಖ ಬಿಡಿ, ತೋಳು ನೋಡಿ. ಕಾರವಾಜೋನ ಜೂಡಿತ್ ಮೈ ಹಿಂದಕ್ಕೆಳೆದುಕೊಂಡಿದ್ದಾಳೆ, ಮುದುಕಿ ದಾಸಿ ಬರೀ ಪಕ್ಕದಲ್ಲಿ ನಿಂತಿದ್ದಾಳೆ. ಆರ್ಟೆಮಿಸಿಯಾಳ ಜೂಡಿತ್ ಉಡುಪಿನ ತೋಳು ಮೇಲಕ್ಕೆ ಮಡಚಿಕೊಂಡಿದ್ದಾಳೆ, ದಾಸಿ ಹರೆಯದವಳು, ತನ್ನ ಭಾರವನ್ನೆಲ್ಲ ಹಾಕಿ ಅವನನ್ನು ಅದುಮಿ ಹಿಡಿದಿದ್ದಾಳೆ. ಇಬ್ಬರು ಸೇರಿ ಮಾಡುವ ಕೆಲಸ ಅದು.

ಇಲ್ಲಿಗೇ ಎಷ್ಟೋ ಜನರ ಓದು ನಿಂತುಬಿಡುತ್ತದೆ, ಆರ್ಟೆಮಿಸಿಯಾ ಇಪ್ಪತ್ತು ತುಂಬುವ ಮೊದಲೇ ಸತ್ತಳೇನೋ ಎಂಬಂತೆ! ದಯವಿಟ್ಟು ಮುಂದಿನ ಇಸವಿಗಳನ್ನೂ ಬರೆದುಕೊಳ್ಳಿ. 1616, ಫ್ಲಾರೆನ್ಸ್‌ನ ಚಿತ್ರಕಲಾ ಅಕಾಡೆಮಿಗೆ ಸೇರಿದ ಮೊದಲ ಹೆಂಗಸು. 1635, ಕಳಿಸಿದ ಚಿತ್ರಗಳ ವಿಚಾರವಾಗಿ ಸಹಾಯ ಕೇಳಿ ಗೆಲಿಲಿಯೋಗೆ ಪತ್ರ. 1639, ಲಂಡನ್ನಿನಲ್ಲಿ ತಂದೆಯ ಸಾವು.

ಆಮೇಲೆ 1649. ನೇಪಲ್ಸ್‌ನಿಂದ ಮೆಸ್ಸೀನಾದ ಆಂಟೋನಿಯೋ ರೂಫೋ ಎಂಬ ಸಿರಿವಂತನಿಗೆ ಬರೆದ ಪತ್ರಗಳನ್ನು ಜೀವನಚರಿತ್ರೆಯಲ್ಲಿ ಹುಡುಕಿ ಓದಿ. ಚಿತ್ರದಲ್ಲಿನ ಒಂದೊಂದು ಆಕೃತಿಗೆ ನೂರು ಸ್ಕೂದಿ (ಆಗಿನ ನಾಣ್ಯ) ನನ್ನ ದರ ಎನ್ನುತ್ತಾಳೆ. ಮೊದಲು ರೇಖಾಚಿತ್ರ ಕಳಿಸು ಎಂದರೆ ಒಪ್ಪುವುದಿಲ್ಲ. ಕಾರಣವನ್ನೂ ಬರೆಯುತ್ತಾಳೆ: ಒಬ್ಬ ಬಿಷಪ್ಪನಿಗೆ ಹಾಗೆ ಕಳಿಸಿದ್ದಳು, ಅವನು ಖರ್ಚು ಉಳಿಸಲು ಅದೇ ರೇಖಾಚಿತ್ರವನ್ನು ಬೇರೆ ಚಿತ್ರಕಾರನ ಕೈಗೆ ಕೊಟ್ಟು ಬಣ್ಣ ಹಾಕಿಸಿಕೊಂಡ. ನಾನು ಗಂಡಸಾಗಿದ್ದರೆ ಹೀಗಾಗುತ್ತಿರಲಿಲ್ಲ ಎಂದು ಆಕೆ ಆ ಪತ್ರದಲ್ಲೇ ಬರೆದಿದ್ದಾಳೆ.

ನಮಸ್ಕಾರ.