ಹನ್ನೆರಡು ಕುರ್ಚಿಗಳ ಕೋಣೆ

ಕೇಳುಗರೇ, ನಮಸ್ಕಾರ.

ಒಂದು ಕೋಣೆಯನ್ನು ಕಣ್ಮುಂದೆ ತಂದುಕೊಳ್ಳಿ. ಉದ್ದನೆಯ ಮೇಜು, ಸುತ್ತ ಹನ್ನೆರಡು ಕುರ್ಚಿ. ಬಸ್ ಓಡಿಸುವವರೊಬ್ಬರು, ಟೀಚರ್ ಒಬ್ಬರು, ಈಗಷ್ಟೇ ಕಾಲೇಜು ಮುಗಿಸಿದ ಹುಡುಗನೊಬ್ಬ. ಮೊನ್ನೆವರೆಗೆ ಇವರಿಗೆ ಒಬ್ಬರ ಮುಖ ಒಬ್ಬರಿಗೆ ಗೊತ್ತಿರಲಿಲ್ಲ. ಈಗ ಒಬ್ಬ ಮನುಷ್ಯ ತಪ್ಪಿತಸ್ಥನೋ ಅಲ್ಲವೋ ಅನ್ನೋದನ್ನು ಇವರೇ ಹೇಳಬೇಕು. ಹನ್ನೊಂದು ಜನ ಆಗಲೇ ಮನಸ್ಸು ಮಾಡಿಬಿಟ್ಟಿದ್ದಾರೆ. ಅಷ್ಟು ಹೊತ್ತೂ ಸುಮ್ನೆ ಕೂತಿದ್ದ ಹುಡುಗ ಮೆಲ್ಲಗೆ ಕೇಳುತ್ತಾನೆ: "ಸಾಕ್ಷಿ ಹೇಳಿದವರು ನಿಂತಿದ್ದ ಕಡೆಯಿಂದ ಆ ಬಾಗಿಲು ಕಾಣುತ್ತಿತ್ತಾ?" ಎಲ್ಲರೂ ಮತ್ತೆ ಮೊದಲಿನಿಂದ ಶುರು ಮಾಡಬೇಕಾಗುತ್ತದೆ.

ಜ್ಯೂರಿ ಅಂದರೆ ಇದೇ: ಕೋರ್ಟು ಸಾಮಾನ್ಯ ಜನರನ್ನೇ ಕರೆದು ಕೂರಿಸಿ ತೀರ್ಪು ಕೇಳುವ ಪದ್ಧತಿ. ಕರೆ ಬಂದಾಗ ಗೊಣಗುವವರೇ ಜಾಸ್ತಿ. ಕೆಲಸ ಕೆಡುತ್ತದೆ, ದಿನವಿಡೀ ಕಾಯಬೇಕು. ಆ ಬೇಸರ ಸುಳ್ಳಲ್ಲ. ಆದರೆ ಕೋಣೆಯಿಂದ ಹೊರಬಂದ ಮೇಲೆ ಅವರಲ್ಲಿ ಏನಾದರೂ ಬದಲಾಗುತ್ತದಾ?

ಅಮೆರಿಕದಲ್ಲಿ ಜಾನ್ ಗ್ಯಾಸ್ಟಿಲ್ ಅನ್ನೋ ಸಂಶೋಧಕರು ಮತ್ತು ಅವರ ಜೊತೆಗಾರರು ಇದನ್ನು ಹುಡುಕಿದರು. ಜ್ಯೂರಿಯಲ್ಲಿ ಕೂತವರ ದಾಖಲೆಗಳನ್ನೂ ಅವರು ಮತ ಹಾಕಿದ ದಾಖಲೆಗಳನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ಮೊದಲು ಮತಗಟ್ಟೆ ಕಡೆ ಅಪರೂಪಕ್ಕೆ ಹೋಗುತ್ತಿದ್ದವರು, ಕ್ರಿಮಿನಲ್ ಮೊಕದ್ದಮೆಯೊಂದರಲ್ಲಿ ಕೂತು ಚರ್ಚೆ ಮಾಡಿದ ಮೇಲೆ, ಮೊದಲಿಗಿಂತ ಹೆಚ್ಚು ಮತ ಹಾಕಿದ್ದರು. ಮೊಕದ್ದಮೆ ಅರ್ಧಕ್ಕೇ ನಿಂತು ಮನೆಗೆ ಹೋದವರಲ್ಲಿ ಈ ಬದಲಾವಣೆ ಕಾಣಲಿಲ್ಲ. ನನ್ನನ್ನು ಜಾಸ್ತಿ ತಟ್ಟಿದ್ದು ಇನ್ನೊಂದು: ಒಮ್ಮತಕ್ಕೆ ಬರಲಾಗದೆ ಎದ್ದುಬಂದ ಜ್ಯೂರಿಯವರೂ ಬದಲಾಗಿದ್ದರು! ಅಂದರೆ ತೀರ್ಪು ಬಂತಾ ಅನ್ನೋದಲ್ಲ, ಎದುರಿಗೆ ಕೂತು ಮಾತಾಡಿದ್ದು ಮುಖ್ಯ ಅಲ್ವಾ?

ಹುಡುಗನ ಪ್ರಶ್ನೆಗೆ ಬೆಲೆ ಬರುವುದು ಅವನ ಒಪ್ಪಿಗೆ ಬೇಕೇಬೇಕು ಅಂತಿದ್ದಾಗ. ಲೂಸಿಯಾನಾ ರಾಜ್ಯದಲ್ಲಿ ಬಹಳ ಕಾಲ ಹನ್ನೆರಡರಲ್ಲಿ ಹತ್ತು ಜನ ಒಪ್ಪಿದರೂ ಶಿಕ್ಷೆ ಆಗಿಬಿಡುತ್ತಿತ್ತು. ಉಳಿದಿಬ್ಬರ ಮಾತು ಯಾರಿಗೂ ಬೇಕಿರಲಿಲ್ಲ. ಗಂಭೀರ ಅಪರಾಧದಲ್ಲಿ ಒಬ್ಬರನ್ನು ತಪ್ಪಿತಸ್ಥರು ಅಂತ ತೀರ್ಮಾನಿಸಲು ಎಲ್ಲರೂ ಒಪ್ಪಲೇಬೇಕು ಅಂತ ಅಮೆರಿಕದ ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿತು.

ಅದೇ ರಾಜ್ಯದಲ್ಲಿ ಹೆಂಗಸರು "ನನಗೆ ಜ್ಯೂರಿಯಲ್ಲಿ ಕೂರುವ ಇಷ್ಟವಿದೆ" ಅಂತ ತಾವಾಗಿ ಬರೆದುಕೊಡದಿದ್ದರೆ ಅವರನ್ನು ಆರಿಸುತ್ತಲೇ ಇರಲಿಲ್ಲ. ಆ ಪದ್ಧತಿ ಸಂವಿಧಾನಕ್ಕೆ ಒಪ್ಪುವಂಥದ್ದಲ್ಲ ಅಂತ 1975ರಲ್ಲಿ ತೀರ್ಪಾಯಿತು. ಅಷ್ಟು ವರ್ಷ ಆ ಮೇಜಿನ ಸುತ್ತ ಎಷ್ಟು ಪ್ರಶ್ನೆಗಳನ್ನು ಯಾರೂ ಕೇಳದೆಯೇ ಉಳಿದವೋ ಅಂತ ಯೋಚಿಸಿದರೆ ನನಗೆ ಈಗಲೂ ಸಂಕಟವಾಗುತ್ತದೆ.

ನಮಸ್ಕಾರ.