ಎರಡು ನೆಟ್‌ವರ್ಕ್ ಇದ್ದರೆ ಎರಡು ಪಟ್ಟು ವೇಗವೇ?

ಕೇಳುಗರೇ, ನಮಸ್ಕಾರ.

ನಿಮ್ಮ ಫೋನಿನ ಮೇಲ್ತುದಿ ನೋಡಿ. ವೈಫೈ ಗುರುತಿದೆ, ಪಕ್ಕದಲ್ಲೇ ಸಿಮ್ಮಿನ ಸಿಗ್ನಲ್ ಕಡ್ಡಿಗಳೂ ಇವೆ. ಎರಡೂ ಇದ್ದ ಮೇಲೆ ಇಂಟರ್ನೆಟ್ ಎರಡು ಪಟ್ಟು ಜೋರಾಗಿ ಓಡಬೇಕಲ್ವಾ? ಓಡುವುದಿಲ್ಲ. ವೈಫೈ ಸಿಕ್ಕ ತಕ್ಷಣ ಮೊಬೈಲ್ ಡೇಟಾ ಸಾಮಾನ್ಯವಾಗಿ ಸುಮ್ನೆ ಕೂತುಬಿಡುತ್ತದೆ.

ಇದರ ಬೇರು, ಇಂಟರ್ನೆಟ್ಟಿನಲ್ಲಿ ಮಾಹಿತಿ ಸಾಗಿಸುವ ಟಿಸಿಪಿ ಎಂಬ ನಿಯಮದಲ್ಲಿದೆ. 1970ರ ದಶಕದಲ್ಲಿ ಅದನ್ನು ರೂಪಿಸುವಾಗ ಕಂಪ್ಯೂಟರುಗಳು ಇಟ್ಟಲ್ಲೇ ಇರುತ್ತಿದ್ದವು. ಹಾಗಾಗಿ ಟಿಸಿಪಿ ಎರಡೂ ತುದಿಯ ಐಪಿ ವಿಳಾಸ, ಅಂದರೆ ನೆಟ್‌ವರ್ಕಿನಲ್ಲಿ ಸಾಧನಕ್ಕಿರುವ ನಂಬರು, ಹಿಡಿದು ಸಂಪರ್ಕವನ್ನು ಗುರುತಿಸುತ್ತದೆ. ಈಗ ದೊಡ್ಡ ಫೈಲ್ ಇಳಿಸಿಕೊಳ್ಳುತ್ತಾ ಮನೆಯ ಗೇಟು ದಾಟಿ. ವೈಫೈ ಹೋಯಿತು, ಮೊಬೈಲ್ ಡೇಟಾ ಬಂತು, ವಿಳಾಸ ಬದಲಾಯಿತು. ಫೈಲ್ ಕಳಿಸುತ್ತಿದ್ದ ಆ ಕಡೆಯ ಸರ್ವರಿಗೆ ನೀವು ಯಾರೋ ಹೊಸಬರು, ಹಳೆಯ ಸಂಪರ್ಕ ಕಡಿಯಿತು!

ಇದಕ್ಕೆ ಕಂಡುಕೊಂಡ ದಾರಿ ಮಲ್ಟಿಪಾತ್ ಟಿಸಿಪಿ. ಇದರ ಮೊದಲ ನಿಯಮಾವಳಿ, ಪ್ರಯೋಗದ ರೂಪದಲ್ಲಿ, 2013ರಲ್ಲಿ ಹೊರಬಂತು. ಮಾಹಿತಿಯ ತುಣುಕುಗಳಿಗೆ ಸಾಲಾಗಿ ನಂಬರು ಹಾಕುತ್ತಾರೆ. ಕೆಲವು ವೈಫೈಯಲ್ಲಿ ಹೋಗುತ್ತವೆ, ಕೆಲವು ಮೊಬೈಲ್ ನೆಟ್‌ವರ್ಕಿನಲ್ಲಿ. ಆ ತುದಿಯಲ್ಲಿ ನಂಬರು ನೋಡಿ ಜೋಡಿಸಿದರಾಯಿತು. ಒಂದು ದಾರಿ ಕಡಿದರೆ ಉಳಿದದ್ದು ಇನ್ನೊಂದರಲ್ಲಿ ಬರುತ್ತದೆ. ಅದೇ ವರ್ಷ ಆಪಲ್ ಕಂಪನಿ ಐಫೋನಿನ ತಂತ್ರಾಂಶ ಐಒಎಸ್ 7ರಲ್ಲಿ, ಮಾತಿನಲ್ಲಿ ಕೇಳಿದ್ದಕ್ಕೆ ಉತ್ತರಿಸುವ ಸಿರಿಗಾಗಿ ಇದನ್ನು ಬಳಸಿತು. ವೇಗದ ಆಸೆಗಲ್ಲ, ಕೇಳಿದ ಪ್ರಶ್ನೆ ಅರ್ಧಕ್ಕೆ ನಿಲ್ಲಬಾರದು ಅಂತ. ನನ್ನ ಪ್ರಕಾರ ಇದರ ನಿಜವಾದ ಲಾಭವೂ ಅದೇ.

ವೇಗಕ್ಕೆಂದೇ ಹೊರಟವರೂ ಇದ್ದಾರೆ. ದಕ್ಷಿಣ ಕೊರಿಯಾದ ಕೆಟಿ ಎಂಬ ಟೆಲಿಕಾಂ ಕಂಪನಿ 2015ರಲ್ಲಿ ಎಲ್‌ಟಿಇ, ಅಂದರೆ 4ಜಿ, ಮತ್ತು ವೈಫೈ ಸೇರಿಸಿ ಗಿಗಾಬಿಟ್ ಲೆಕ್ಕದ ಸೇವೆ ತಂದಿತು. ಎಲ್ಲ ಸರ್ವರುಗಳಿಗೂ ಮಲ್ಟಿಪಾತ್ ಗೊತ್ತಿರಲಿಲ್ಲ. ಅದಕ್ಕೆ ನಡುವೆ ತನ್ನದೇ ಒಂದು ಸರ್ವರ್ ಇಟ್ಟು, ತುಣುಕುಗಳನ್ನು ಅಲ್ಲೇ ಜೋಡಿಸಿ ಮುಂದಕ್ಕೆ ಕಳಿಸಿತು.

ಆದರೆ ಎರಡು ದಾರಿಗಳ ವೇಗ ತೀರಾ ಬೇರೆಯಾದರೆ? ಎತ್ತು ಏರಿಗೆ, ಕೋಣ ನೀರಿಗೆ! ವೈಫೈಯಲ್ಲಿ 6, 7, 8ನೇ ತುಣುಕುಗಳು ಬಂದು ಕಾಯುತ್ತಿರುತ್ತವೆ. ಮೊಬೈಲಿನಲ್ಲಿ ಹೊರಟ 5ನೆಯದರ ಸುಳಿವೇ ಇಲ್ಲ. ಅದು ಬರುವ ತನಕ ಆ್ಯಪಿಗೆ ಏನೂ ಸಿಗುವುದಿಲ್ಲ. ಕೆಲವೊಮ್ಮೆ ಒಂದೇ ನೆಟ್‌ವರ್ಕ್ ಸಾಕಿತ್ತು ಅನಿಸುತ್ತದೆ. ಬ್ಯಾಟರಿ, ಡೇಟಾ ಪ್ಯಾಕ್ ಎರಡೂ ಜಾಸ್ತಿ ಖರ್ಚಾಗುವುದು ಬೇರೆ ಮಾತು.

ಆ ಖರ್ಚಿಗೆ ತಲೆ ಕೆಡಿಸಿಕೊಳ್ಳದವರು ಟಿವಿ ವರದಿಗಾರರು. ಕ್ಯಾಮೆರಾದವರ ಬೆನ್ನ ಮೇಲಿನ ಚೀಲದಲ್ಲಿ ಬೇರೆ ಬೇರೆ ಕಂಪನಿಯ ಹಲವು ಸಿಮ್‌ಗಳಿರುತ್ತವೆ. ಜಾತ್ರೆಯ ಜನಸಂದಣಿಯಲ್ಲಿ ಒಂದು ಟವರ್ ಸೋತರೂ ಉಳಿದವು ವಿಡಿಯೊ ಸಾಗಿಸುತ್ತವೆ, ಸ್ಟುಡಿಯೊದಲ್ಲಿ ಎಲ್ಲವೂ ಒಂದಾಗುತ್ತದೆ. ಅದಕ್ಕೇ ನಮ್ಮ ಫೋನಿನಲ್ಲಿ ಒಂದು ಫೋಟೊ ಹೋಗದ ಜಾಗದಿಂದಲೂ ಅವರ ನೇರಪ್ರಸಾರ ಬರುತ್ತದೆ.

ನಮಸ್ಕಾರ.