ಎದುರು ಪುಟ ನೋಡಿದಿರಾ?

ಕೇಳುಗರಿಗೆಲ್ಲ ನಮಸ್ಕಾರ.

ಪತ್ರಿಕೆಗಳ ಪುಟ ವಿನ್ಯಾಸದ ಬಗ್ಗೆ ಮಾತಾಡಿ ಅಂತ ಕರೆದಿದ್ದಾರೆ. ರೇಡಿಯೋದಲ್ಲಿ ಪುಟ ತೋರಿಸಲು ಆಗುವುದಿಲ್ಲ. ಹಾಗಾಗಿ ನೀವೇ ಒಂದು ಕೆಲಸ ಮಾಡಿ. ಹತ್ತಿರದಲ್ಲಿ ಯಾವುದಾದರೂ ವಾರಪತ್ರಿಕೆಯೋ ಮಾಸಪತ್ರಿಕೆಯೋ ಇದ್ದರೆ ತೆಗೆದುಕೊಳ್ಳಿ. ಸುಮ್ನೆ ಎಲ್ಲಾದರೂ ಬಿಡಿಸಿ. ಎಷ್ಟು ಪುಟ ಕಾಣುತ್ತಿದೆ? ಎರಡು, ಅಲ್ವಾ? ಒಂದೇ ನೋಡಬೇಕೆಂದರೆ ಇನ್ನೊಂದನ್ನು ಕೈಯಿಂದ ಮುಚ್ಚಬೇಕು, ಇಲ್ಲವೇ ಪತ್ರಿಕೆಯನ್ನು ಹಿಂದಕ್ಕೆ ಮಡಚಬೇಕು.

ಇವತ್ತು ನಾನು ಹೇಳುವುದು ಇಷ್ಟೇ. ಓದುಗರು ನೋಡುವುದು ಜೋಡಿ ಪುಟ. ನಾವು ಕಟ್ಟಬೇಕಾದದ್ದೂ ಜೋಡಿ ಪುಟವೇ.

ಇದನ್ನೂ ಹೇಳಬೇಕೇ ಅಂತ ನಿಮಗೆ ಅನ್ನಿಸಬಹುದು. ಹೇಳಬೇಕು. ಪ್ರಕಾಶನ ಸಂಸ್ಥೆಗಳಲ್ಲಿ ಕೆಲಸ ಹೇಗೆ ನಡೆಯುತ್ತದೆ ನೋಡಿ. ಲೇಖನ ಸಂಪಾದಕರ ಮೇಜಿನಿಂದ ಬರುತ್ತದೆ. ಜಾಹೀರಾತು ಬೇರೆ ವಿಭಾಗದಿಂದ ಬರುತ್ತದೆ, ಅದೂ ಕೊನೆ ಗಳಿಗೆಯಲ್ಲಿ. ಪುಟ ಕಟ್ಟುವವರು ಇನ್ನೊಂದು ಕೋಣೆಯಲ್ಲಿ ಕೂತಿರುತ್ತಾರೆ. ಒಪ್ಪಿಗೆಗೆ ಪುಟಗಳು ಒಂದೊಂದಾಗಿ ವಾಟ್ಸಾಪಿನಲ್ಲಿ ಹೋಗುತ್ತವೆ. ಪ್ರತಿಯೊಬ್ಬರೂ ತಮ್ಮ ಪುಟ ನೋಡಿ 'ಓಕೆ' ಅನ್ನುತ್ತಾರೆ. ಎರಡೂ ಎದುರುಬದುರಾದಾಗ ಹೇಗಿರುತ್ತವೆ ಅಂತ ನೋಡಿದವರು ಯಾರೂ ಇಲ್ಲ. ಎಡಗಡೆ ಶ್ರದ್ಧಾಂಜಲಿ ಬರಹ, ಬಲಗಡೆ ಹಲ್ಲು ಕಿರಿದು ನಗುವ ಟೂತ್‌ಪೇಸ್ಟ್ ಜಾಹೀರಾತು! ಬೇರೆಬೇರೆಯಾಗಿ ನೋಡಿದರೆ ಯಾವ ಪುಟದಲ್ಲೂ ತಪ್ಪಿಲ್ಲ.

ಒಂದು ಪ್ರಸಂಗ ಹೇಳುತ್ತೇನೆ. ಸ್ವಲ್ಪ ಉದ್ದ, ಆದರೆ ಹೇಳದೆ ಬಿಡಲು ಮನಸ್ಸಿಲ್ಲ. ಪತ್ರಿಕೆಯ ಹೆಸರು ಮಾತ್ರ ಕೇಳಬೇಡಿ.

ವಾರ್ಷಿಕ ವಿಶೇಷ ಸಂಚಿಕೆ. ಸಿಬ್ಬಂದಿಯೆಲ್ಲ ಸೇರಿ ಒಂದು ಗ್ರೂಪ್ ಫೋಟೋ ತೆಗೆಸಿಕೊಂಡಿದ್ದರು. ಹಿಂದೆ ಎರಡು ಸಾಲು ನಿಂತವರು, ಮುಂದೆ ಕುರ್ಚಿಗಳ ಸಾಲು, ಸರಿಯಾಗಿ ನಡುವಿನ ಕುರ್ಚಿಯಲ್ಲಿ ಯಜಮಾನರು. ಈ ಫೋಟೋ ದೊಡ್ಡದಾಗಿ ಬರಲಿ ಅಂತ ಎರಡು ಪುಟಕ್ಕೆ ಹರಡಿದರು. ಒಳಪುಟಗಳ ಲೆಕ್ಕದಲ್ಲಿ 16 ಮತ್ತು 17. ಬೈಂಡಿಂಗ್ ಪಿನ್ ಹೊಡೆದದ್ದಲ್ಲ, ಬೆನ್ನಿಗೆ ಗೋಂದು ಹಚ್ಚುವ ಪರ್ಫೆಕ್ಟ್ ಬೈಂಡಿಂಗ್. ಈ ಬೈಂಡಿಂಗಿನಲ್ಲಿ ಪತ್ರಿಕೆ ಪೂರ್ತಿ ಅಗಲವಾಗಿ ಬಿಚ್ಚಿಕೊಳ್ಳುವುದಿಲ್ಲ. ಬೆನ್ನಿನ ಹತ್ತಿರದ ಒಂದಿಷ್ಟು ಮಿಲಿಮೀಟರ್ ಎರಡೂ ಕಡೆ ಒಳಗೆ ಹೋಗಿಬಿಡುತ್ತದೆ.

ಒಪ್ಪಿಗೆಗೆ ಎಡಭಾಗ ಒಂದು ಚಿತ್ರವಾಗಿ ಬಂತು, ಬಲಭಾಗ ಇನ್ನೊಂದು ಚಿತ್ರವಾಗಿ ಬಂತು. ಎಲ್ಲರೂ ಹೆಬ್ಬೆರಳು ಎತ್ತಿದರು. ಯಜಮಾನರೂ ಎತ್ತಿದರು.

ಮೊದಲ ಪ್ರತಿ ಬಂದಾಗ ನಾನು ಅಲ್ಲೇ ಬೇರೆ ಕೆಲಸಕ್ಕೆ ಹೋಗಿದ್ದೆ. ಯಜಮಾನರು ಪತ್ರಿಕೆ ಬಿಡಿಸಿದರು. ಎಡಗಡೆ ಒಂದು ಕಿವಿ, ಬಲಗಡೆ ಒಂದು ಕಿವಿ. ನಡುವೆ ಮುಖವೇ ಇಲ್ಲ! ಇನ್ನೂ ಸ್ವಲ್ಪ ಅಗಲ ಬಿಡಿಸಿದರು. ಕನ್ನಡಕದ ತುದಿ ಕಂಡಿತು. ಇನ್ನೂ ಒತ್ತಿದರು. ಚಟ್ ಅಂತ ಬೆನ್ನು ಬಿಟ್ಟು, ಹಾಳೆಗಳು ಕೈಗೇ ಬಂದವು. ಕೋಣೆಯಲ್ಲಿ ಯಾರೂ ಉಸಿರೆತ್ತಲಿಲ್ಲ.

ಅಷ್ಟೇ ಅಲ್ಲ. ಎಡಪುಟದಲ್ಲಿದ್ದವರ ಬಿಳಿ ಅಂಗಿ ಬಿಳಿಯಾಗೇ ಇತ್ತು. ಬಲಪುಟದವರ ಅಂಗಿ ನಸುಗೆಂಪು. ಯಾಕೆ? ಪತ್ರಿಕೆ ಪುಟಪುಟವಾಗಿ ಅಚ್ಚಾಗುವುದಿಲ್ಲ, ಫಾರಂ ಲೆಕ್ಕದಲ್ಲಿ ಅಚ್ಚಾಗುತ್ತದೆ. ಫಾರಂ ಅಂದರೆ ಹಲವು ಪುಟಗಳನ್ನು ಒಟ್ಟಿಗೆ ಅಚ್ಚು ಹಾಕಿ, ಆಮೇಲೆ ಮಡಚುವ ಒಂದು ದೊಡ್ಡ ಹಾಳೆ. 16 ಪುಟಕ್ಕೆ ಒಂದು ಫಾರಂ ಅಂದರೆ 16ನೇ ಪುಟ ಮೊದಲ ಫಾರಮ್ಮಿನ ಕೊನೆಯದು, 17ನೇ ಪುಟ ಎರಡನೇ ಫಾರಮ್ಮಿನ ಮೊದಲನೆಯದು. ಮಶೀನಿಗೆ ಅವೆರಡೂ ಬೇರೆ ಬೇರೆ ಹೊತ್ತಿನಲ್ಲಿ ಹೋಗುತ್ತವೆ. ಇಂಕು ಒಂದು ಚೂರು ಜಾಸ್ತಿ ಕಮ್ಮಿ ಆದರೂ ಚಿತ್ರದ ನಡುವೆ ಗೆರೆ ಎಳೆದಂತೆ ಕಾಣುತ್ತದೆ. ಅದೇ ಫೋಟೋವನ್ನು 8 ಮತ್ತು 9ಕ್ಕೆ ಹಾಕಿದ್ದರೆ ಅದು ಫಾರಮ್ಮಿನ ನಡುಭಾಗ, ಒಂದೇ ಹಾಳೆ. ಬಣ್ಣದ ಗೋಳು ಇರುತ್ತಿರಲಿಲ್ಲ. ಫೋಟೋವನ್ನು ಒಂಚೂರು ಪಕ್ಕಕ್ಕೆ ಸರಿಸಿ, ಇಬ್ಬರ ನಡುವಿನ ಸಂದು ಮಡಿಕೆಗೆ ಬರುವಂತೆ ಮಾಡಿದ್ದರೆ ಯಜಮಾನರ ಮುಖವೂ ಉಳಿಯುತ್ತಿತ್ತು. ಎರಡೂ ಪುಟ ಒಟ್ಟಿಗೆ ನೋಡಿದ್ದರೆ ಇದು ಅರೆಗಳಿಗೆಯಲ್ಲಿ ಗೊತ್ತಾಗುವ ವಿಷಯ.

ನಡುವೆ ಪಿನ್ ಹೊಡೆಯುವ ಪತ್ರಿಕೆಗೆ ಲೆಕ್ಕ ಬೇರೆ. ಅಲ್ಲಿ ಹಾಳೆಯ ಒಂದೇ ಬದಿಯಲ್ಲಿ ಜೊತೆಗೆ ಅಚ್ಚಾಗುವ ಎರಡು ಪುಟಗಳ ಸಂಖ್ಯೆ ಕೂಡಿದರೆ ಒಟ್ಟು ಪುಟಕ್ಕಿಂತ ಒಂದು ಜಾಸ್ತಿ ಬರುತ್ತದೆ. ಹೊದಿಕೆಯೂ ಸೇರಿ 48 ಪುಟವಿದ್ದರೆ, 8ನೇ ಪುಟದ ಜೊತೆಗಾರ 41, 9ನೇ ಪುಟದ ಜೊತೆಗಾರ 40. ಓದುವಾಗ ಎದುರುಬದುರಾಗುವ ಪುಟಗಳಲ್ಲಿ ನಿಜವಾಗಿ ಒಂದೇ ಹಾಳೆಯಲ್ಲಿ ಅಕ್ಕಪಕ್ಕ ಕೂರುವುದು 24 ಮತ್ತು 25 ಮಾತ್ರ. ದೊಡ್ಡ ಚಿತ್ರಕ್ಕೆ ನಡುಪುಟವನ್ನೇ ಹುಡುಕುವುದು ಅದಕ್ಕೇ.

ಅಲೆಕ್ಸಿ ಬ್ರೊಡೊವಿಚ್ ಅಂತ ಒಬ್ಬರಿದ್ದರು. ರಷ್ಯಾದಿಂದ ಹೊರಬಂದು, ಪ್ಯಾರಿಸಿನಲ್ಲಿದ್ದು, ಆಮೇಲೆ ಅಮೆರಿಕಕ್ಕೆ ಹೋದವರು. 1934ರಿಂದ 1958ರವರೆಗೆ ಹಾರ್ಪರ್ಸ್ ಬಜಾರ್ ಪತ್ರಿಕೆಯ ಕಲಾ ನಿರ್ದೇಶಕರು. ಅವರು ಜೋಡಿ ಪುಟಗಳನ್ನು ನೆಲದ ಮೇಲೆ ಸಾಲಾಗಿ ಹರಡಿ, ನಿಂತು ನೋಡುತ್ತಿದ್ದರು. ಯಾವುದರ ಹಿಂದೆ ಯಾವುದು, ಎಲ್ಲಿ ಗದ್ದಲ, ಎಲ್ಲಿ ಮೌನ ಅಂತ ಜೋಡಿಗಳನ್ನು ಅದಲುಬದಲು ಮಾಡುತ್ತಿದ್ದರು. ಖಾಲಿ ಜಾಗವನ್ನು ಧಾರಾಳವಾಗಿ ಬಿಡುತ್ತಿದ್ದರು. ನಮ್ಮಲ್ಲಿ ಅನೇಕರಿಗೆ ಖಾಲಿ ಜಾಗ ಕಂಡರೆ ಕೈ ತುರಿಸುತ್ತದೆ. ಎಲ್ಲಿಂದಲೋ ಒಂದು ಹೂವಿನ ಚಿತ್ರ ತಂದು ತುರುಕುತ್ತಾರೆ. ದಯವಿಟ್ಟು ಬೇಡ. ಎಡಪುಟದ ಆ ಖಾಲಿ ಜಾಗ ಬಲಪುಟದ ಶೀರ್ಷಿಕೆಯನ್ನು ಎತ್ತಿ ತೋರಿಸುತ್ತಿರುತ್ತದೆ. ಒಂದೇ ಪುಟ ನೋಡುವವರಿಗೆ ಅದು ಹಾಳು ಜಾಗದಂತೆ ಕಾಣುತ್ತದೆ, ಅಷ್ಟೇ.

ಸಮಯ ಓಡುತ್ತಿದೆ. ಇನ್ನು ಬೇಗಬೇಗ ಹೇಳುತ್ತೇನೆ.

ಎರಡು ಪುಟದಲ್ಲಿ ಒಂದೇ ಒಂದು ದೊಡ್ಡದಿರಲಿ. ಚಿತ್ರವೋ, ಶೀರ್ಷಿಕೆಯೋ, ನೀವೇ ಆರಿಸಿ. ಎರಡೂ ಪುಟದಲ್ಲಿ ಕಿರುಚುವ ಶೀರ್ಷಿಕೆ ಇದ್ದರೆ ಓದುಗರು ಯಾವುದನ್ನೂ ಕೇಳಿಸಿಕೊಳ್ಳುವುದಿಲ್ಲ. ಫೋಟೋದಲ್ಲಿರುವವರು ಪುಟದಿಂದ ಹೊರಗೆ ನೋಡುತ್ತಿದ್ದರೆ ನಮ್ಮ ಕಣ್ಣೂ ಹೊರಗೆ ಹೋಗುತ್ತದೆ. ಒಳಗೆ ನೋಡುವಂತೆ ಜಾಗ ಬದಲಿಸಿ. ಫೋಟೋವನ್ನು ಕನ್ನಡಿಯಂತೆ ತಿರುಗಿಸಬೇಡಿ, ಹಿಂದಿರುವ ಬೋರ್ಡು ಉಲ್ಟಾ ಆಗುತ್ತದೆ. ಎಡಪುಟದ ಸಾಲೂ ಬಲಪುಟದ ಸಾಲೂ ಒಂದೇ ಮಟ್ಟದಲ್ಲಿ ಕೂರಲಿ.

ಸಾಲು ಅಂದ ಕೂಡಲೇ ನೆನಪಾಯಿತು. ಇಂಗ್ಲಿಷ್ ಅಕ್ಷರಕ್ಕೆ ಮಾಡಿದ ಸಿದ್ಧ ಟೆಂಪ್ಲೇಟ್ ತಂದು ಅದರಲ್ಲಿ ಕನ್ನಡ ಸುರಿಯುತ್ತಾರೆ. ನಮ್ಮ ಒತ್ತಕ್ಷರ ಕೆಳಗಿಳಿಯುತ್ತದೆ, ಗುಡಿಸು ಮೇಲೇರುತ್ತದೆ. 'ಸ್ತ್ರೀ' ಅಂತ ಬರೆದು ನೋಡಿ. ಸಾಲಿನ ಅಂತರ ಹೆಚ್ಚಿಸದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಗೆ ಬಡಿಯುತ್ತದೆ.

ಜಾಹೀರಾತು ವಿಭಾಗದವರಿಗೆ ಒಂದು ಮಾತು. ಬಲಪುಟ ಕೇಳಿ, ತಪ್ಪಿಲ್ಲ, ಎಲ್ಲರೂ ಕೇಳುತ್ತಾರೆ. ಆದರೆ ಎದುರು ಪುಟದಲ್ಲಿ ಏನು ಬರುತ್ತದೆ ಅಂತ ಡಮ್ಮಿ, ಅಂದರೆ ಪುಟಗಳ ಕಚ್ಚಾ ಮಾದರಿ, ನೋಡಿ ಆಮೇಲೆ ಮಾತು ಕೊಡಿ.

'ಮೊಬೈಲಿನಲ್ಲಿ ಓದುವವರಿಗೆ ಒಂದೇ ಪುಟ ಕಾಣುತ್ತದಲ್ಲ' ಅಂತ ಕೇಳುವವರಿದ್ದಾರೆ. ಹೌದು. ಅವರಿಗೆ ಬೇರೆಯದೇ ವಿನ್ಯಾಸ ಮಾಡಿ. ಅಚ್ಚಿಗೆ ಕಳಿಸಿದ ಪಿಡಿಎಫನ್ನೇ ಅವರ ಕಡೆ ತಳ್ಳಿ, ಬೆರಳಿನಿಂದ ಹಿಗ್ಗಿಸಿ ಓದಿಕೊಳ್ಳಿ ಅನ್ನಬೇಡಿ. ಆ ವಿಷಯಕ್ಕೆ ಇನ್ನೊಮ್ಮೆ ಕರೆದರೆ ಬರುತ್ತೇನೆ.

ನಮಸ್ಕಾರ.